ಮೇಜರ್ ಇಲ್ಲ ಅಂದರು, ವಕೀಲರು ಇದೆ ಅಂದರು

ಸೇನಾ ವಸತಿ, ಎರಡನೇ ಸಾಲು, ಕೊನೆಯ ಮನೆ
ಮಾರ್ಚ್ ೧೪, ಶುಕ್ರವಾರ ಸಂಜೆ

ಪ್ರೀತಿಯ ಮಾವನವರಿಗೆ,

ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಅತ್ತಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸುಬೇದಾರರಿಗೆ ಮಂಡಿ ನೋಯುವುದಿಲ್ಲ ಅಂತ ಶೀಶೆಯನ್ನೇ ಅಟೆನ್ಷನ್‌ನಲ್ಲಿ ನಿಲ್ಲಿಸಿದ್ದೀರೋ? ಕಣ್ಣಿನ ಪೊರೆ ತೆಗೆಸುವುದನ್ನು ಮಾತ್ರ ಮುಂದೂಡಬೇಡಿ. ನಾವು ಚೆನ್ನಾಗಿದ್ದೇವೆ. ಬರೀ ಚೆನ್ನಾಗಿದ್ದೇವೆ ಅಂದರೆ ಸಾಲದು ಮಾವ, ಇವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಒಲೆಯ ಮೇಲೆ ಹಾಲು ಉಕ್ಕಿತು, ಉಕ್ಕಲಿ ಅಂತ ಬರೆಯಲು ಕೂತಿದ್ದೇನೆ.

ಆ ಗಡಿಯಾಚೆಯ ಲಾರಿ ಡ್ರೈವರನ ಮಾತೆತ್ತಿದರೆ ನಿಮಗೆ ಮೈ ಉರಿಯುತ್ತದೆ, ಗೊತ್ತು. ಸೇತುವೆಯ ಹತ್ತಿರ ನಮ್ಮ ಹುಡುಗರನ್ನು ಕೊಂದ ಬಾಂಬು ಅವನ ಲಾರಿಯಲ್ಲೇ ಬಂತು ಅನ್ನುವುದು ಆರೋಪ. ಸಾಬೀತಾದರೆ ಗಲ್ಲು. ಯುದ್ಧ ನ್ಯಾಯಮಂಡಳಿಯಲ್ಲಿ ಅವನ ಪರ ವಾದಿಸಲು ಸೇನೆ ತನ್ನ ಕಾನೂನು ವಿಭಾಗದಲ್ಲಿರುವ ಇವರನ್ನೇ ನೇಮಿಸಿದ ದಿನ, "ಶತ್ರುವಿಗೆ ನನ್ನ ಮಗನೇ ವಕೀಲನೇನಮ್ಮಾ? ಈ ಮನೇಲಿ ನನಗೆ ತುತ್ತು ಇಳಿಯಲ್ಲ" ಅಂತ ಟ್ರಂಕು ಎತ್ತಿಕೊಂಡು ಅತ್ತಿಗೆಯ ಮನೆಗೆ ಹೊರಟಿರಿ. ಇವರೇನು ಕೇಳಿ ಪಡೆದ ಕೆಲಸವೇ ಅದು? ಹುಕುಂ ಬಂತು, ಒಪ್ಪಿಕೊಂಡರು. ಹುಕುಂ ಅಂದಮೇಲೆ ಮರುಮಾತಿಲ್ಲ ಅಂತ ಕಲಿಸಿದವರು ಯಾರು, ನಾನು ಹೇಳುವುದಿಲ್ಲ. ಪೇಪರಿನವರು ಈ ಮಂಡಳಿಯೇ ಸರಿಯಿಲ್ಲ ಅಂತ ಒಂದು ದಿನ ಬರೆಯುತ್ತಾರೆ, ಇಷ್ಟು ದಿನ ಯಾಕೆ ಎಳೆಯುತ್ತಿದ್ದಾರೆ ಅಂತ ಮಾರನೇ ದಿನ. ಎದುರು ಮನೆ ಕರ್ನಲ್ ಹೆಂಡತಿಯಂತೂ ಬಟ್ಟೆ ಒಣಗಿಸುತ್ತಾ, "ಏನ್ರೀ, ನಿಮ್ಮ ಯಜಮಾನ್ರು ಈಗ ಯಾವ ಕಡೆ ಸೈನ್ಯದಲ್ಲಿದ್ದಾರೆ?" ಅಂದರು. "ಕಟಕಟೆ ಕಡೆ ಕಣ್ರೀ, ಅಲ್ಲಿ ಒಬ್ಬರೇ ಇದ್ದಾರೆ, ಜೊತೆಗೆ ಬರ್ತೀರಾ?" ಅಂದೆ. ಅವತ್ತಿನಿಂದ ಅವರ ಹಗ್ಗ ಹಿತ್ತಲಿಗೆ ಹೋಗಿದೆ.

ಇವತ್ತು ವಿಚಾರಣೆ ನೋಡಲು ಮನೆಯವರಿಗೂ ಪಾಸು ಕೊಟ್ಟಿದ್ದರು. ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿದು ಕೋರ್ಟು ಮಾಡಿದ್ದಾರೆ. ಫ್ಯಾನಿನ ಸದ್ದಿಗೆ ಸಾಕ್ಷಿಗಳೆಲ್ಲ ಕೂಗಿ ಕೂಗಿ ಸತ್ಯ ಹೇಳಬೇಕು. ಸರ್ಕಾರಿ ವಕೀಲರು ಮೊಹರು ಹಾಕಿದ ಒಂದು ಲಕೋಟೆ ತಂದು, ಇದರಲ್ಲಿರುವ ಸಾಕ್ಷ್ಯ ಗುಟ್ಟಿನದು, ನ್ಯಾಯಾಧೀಶರು ಮಾತ್ರ ನೋಡಬೇಕು, ಆರೋಪಿಗೂ ಅವನ ವಕೀಲರಿಗೂ ತೋರಿಸುವಂತಿಲ್ಲ ಅಂದರು. ಇದನ್ನು ವಿರೋಧಿಸಲೆಂದೇ ಇವರು ವಾರವಿಡೀ ಕನ್ನಡಿಯ ಮುಂದೆ ನಿಂತು ವಾದ ಮಾಡಿದ್ದರು. ಮಂಡಳಿಯ ಅಧ್ಯಕ್ಷರಾದ ಬ್ರಿಗೇಡಿಯರ್ ಕನ್ನಡಕದ ಮೇಲಿಂದ ನೋಡಿ, "ಆಕ್ಷೇಪಣೆ ಇಲ್ಲ ತಾನೆ, ಮೇಜರ್?" ಅಂದರು. ನಿಮ್ಮ ಮಗ ಸ್ಪ್ರಿಂಗಿನಂತೆ ಎದ್ದು, ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, "ಇಲ್ಲ ಸರ್!" ಅಂದುಬಿಟ್ಟರು!

ಅಯ್ಯೋ ಮಾವ! ವರ್ಷಗಟ್ಟಲೆಯ ಅಭ್ಯಾಸ, ನಾಲಿಗೆಯೇ ಸೆಲ್ಯೂಟ್ ಹೊಡೆದಿತ್ತು. ದುಭಾಷಿ ಅದನ್ನು ಡ್ರೈವರನ ಕಿವಿಯಲ್ಲಿ ಹೇಳಿದ; ಅವನು ಮುಖ ಗೋಡೆಗೆ ತಿರುಗಿಸಿಕೊಂಡ. ಇವರು ಕೂತರು. ಹಿಂದಿನಿಂದ ನನಗೆ ಕಂಡದ್ದು ಕೆಂಪಾಗುತ್ತಿದ್ದ ಎರಡು ಕಿವಿ ಮಾತ್ರ. ಬ್ರಿಗೇಡಿಯರ್ ಲಕೋಟೆಗೆ ಕೈ ಹಾಕುವಷ್ಟರಲ್ಲಿ ಮತ್ತೆ ಎದ್ದರು. "ಕ್ಷಮಿಸಿ ಸರ್. ಈಗ ಉತ್ತರ ಕೊಟ್ಟಿದ್ದು ಮೇಜರ್. ವಕೀಲನಿಗೆ ಆಕ್ಷೇಪಣೆ ಇದೆ." ಇಡೀ ಕೋರ್ಟು ಘೊಳ್ ಅಂತು. "ಹಾಗಾದ್ರೆ ನಾನು ಇಬ್ಬರಲ್ಲಿ ಯಾರ ಮಾತು ಕೇಳ್ಬೇಕಪ್ಪಾ?" ಅಂದರು ಬ್ರಿಗೇಡಿಯರ್. "ಈ ಮನುಷ್ಯನಿಗೆ ನೀವು ಕೊಟ್ಟಿರೋದು ವಕೀಲನನ್ನ ಸರ್, ಮೇಜರನ್ನಲ್ಲ."

ಆಮೇಲೆ ಹರಿಯಿತು ನೋಡಿ ಮಾತು, ಕಟ್ಟೆ ಒಡೆದ ಹಾಗೆ. ಏನು ಮಾಡಿದ ಅಂತ ತೋರಿಸದೆ, ಮಾಡಿಲ್ಲ ಅನ್ನುವುದನ್ನು ಅವನು ಹೇಗೆ ತೋರಿಸಬೇಕು ಅಂದರು. ನಾಳೆ ನಮ್ಮ ಸೈನಿಕ ಗಡಿಯಾಚೆಯವರ ಕೈಗೆ ಸಿಕ್ಕಿ, ಅವರೂ ಹೀಗೇ ಒಂದು ಲಕೋಟೆ ತಂದಿಟ್ಟರೆ ನಾವು ಯಾವ ಬಾಯಲ್ಲಿ ತಪ್ಪು ಅನ್ನೋಣ ಅಂದರು. ನ್ಯಾಯಾಧೀಶರು ಮೂವರೂ ಒಳಗೆ ಹೋಗಿ, ಚಹಾ ಆರುವಷ್ಟು ಹೊತ್ತು ಬಿಟ್ಟು ಬಂದರು. ತೀರ್ಮಾನ: ಲಕೋಟೆಯನ್ನು ಆರೋಪಿಗೂ ವಕೀಲರಿಗೂ ತೋರಿಸಬೇಕು, ಇಲ್ಲವೇ ವಾಪಸು ಒಯ್ಯಬೇಕು. ಮುಂದಿನ ವಿಚಾರಣೆ ಬುಧವಾರ. ನಾನು ಚಪ್ಪಾಳೆ ತಟ್ಟಿ ಪಹರೆಯವನ ಕೈಲಿ ಬೈಸಿಕೊಂಡೆ.

ಇನ್ನೂ ದೊಡ್ಡ ಸುದ್ದಿ ಕೇಳಿ. ಇವರ ಸಮವಸ್ತ್ರ ಕಂಡರೆ ಬಾಯಿ ಹೊಲಿದುಕೊಳ್ಳುತ್ತಿದ್ದ ಆ ಡ್ರೈವರ್, ಇವತ್ತು ತಾನಾಗಿ ದುಭಾಷಿಯನ್ನು ಕರೆದು, "ಆವತ್ತು ಲಾರಿ ಗೇರ್ ಬಾಕ್ಸ್ ಬಿಚ್ಚಿಟ್ಟಿತ್ತು, ಗಾಡಿ ಓಡೋ ಹಾಗೇ ಇರ್ಲಿಲ್ಲ. ಮೆಕ್ಯಾನಿಕ್ಕನ್ನ ಕೇಳಿ" ಅಂದನಂತೆ. ನಿಜವೋ ಸುಳ್ಳೋ, ಇನ್ನು ಹುಡುಕಬೇಕು. ಆದರೆ ಹುಡುಕುವುದಕ್ಕೆ ಒಂದು ಎಳೆಯಾದರೂ ಸಿಕ್ಕಿತಲ್ಲ! ಇವರು ಬೂಟು ಬಿಚ್ಚದೆ ಮನೆಯೆಲ್ಲ ಓಡಾಡುತ್ತಿದ್ದಾರೆ.

ಅತ್ತಿಗೆಗೆ, ಭಾವನವರಿಗೆ ನನ್ನ ನೆನಪು ಹೇಳಿ, ಮಕ್ಕಳ ಕೆನ್ನೆ ಹಿಂಡಿ. ನಿಮ್ಮ ಆಶೀರ್ವಾದ ಕೋಪದ ಜೊತೆ ಬಂದರೂ ಸರಿ, ಬರಲಿ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಈ ಪತ್ರದ ಲಕೋಟೆ ಅಂಟಿಸುವಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಕಚೇರಿಯ ಜವಾನ ಇವರ ವರ್ಗಾವಣೆಯ ಆದೇಶ ತಂದುಕೊಟ್ಟ. ಇವರನ್ನು ಮೊಕದ್ದಮೆಯಿಂದ ಬಿಡಿಸಿ, ದೂರದ ಊರಿನಲ್ಲಿ ಸೇನಾ ಜಮೀನಿನ ಕಾಗದಪತ್ರ ನೋಡಲು ಹಾಕಿದ್ದಾರೆ. ಈ ಹುಕುಮನ್ನು ಒಪ್ಪದಿರಲು ದಾರಿ ಒಂದೇ: ಸೋಮವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟು, ಬುಧವಾರ ಕರಿ ಕೋಟು ಹಾಕಿಕೊಂಡು ಹೊರಗಿನ ವಕೀಲರಾಗಿ ನಿಲ್ಲುವುದು. ಡ್ರೈವರ್ ಕೇಳಿಕೊಂಡರೆ ಅದಕ್ಕೆ ಅವಕಾಶವಿದೆಯಂತೆ. ಮನೆ ಹೋಗುತ್ತದೆ, ಪಿಂಚಣಿ ಹೋಗುತ್ತದೆ. ನಾನು ಹೂಂ ಅಂದಾಯಿತು. ಇವರು ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ. ನಿಮ್ಮ ಮಾತಿಗೆ ಕಾಯುತ್ತಿದ್ದಾರೆ, ಬಾಯಿಬಿಟ್ಟು ಕೇಳಲಾರರು. ಪತ್ರವನ್ನು ನನ್ನ ತಮ್ಮನ ಕೈಲಿ ಕಳಿಸುತ್ತಿದ್ದೇನೆ, ನಾಳೆಯೇ ತಲುಪುತ್ತದೆ. ಮಾವ, ನೀವು ಬೇಡ ಅನ್ನುವುದಾದರೆ ನಿಧಾನವಾಗಿ ಕಾಗದ ಬರೆದು ಅಂಚೆಗೆ ಹಾಕಿ. ಹೂಂ ಅನ್ನುವುದಾದರೆ ಭಾನುವಾರವೇ ಫೋನ್ ಮಾಡಿ.