ಹಸುವಿನ ಹಾಲಿನ ವಯಸ್ಸು

ಕೆಂಟಕಿ,
ಮಾರ್ಚ್ 12

ಪ್ರೀತಿಯ ಲೊರೀನ್,

ಹೇಗಿದ್ದೀಯೇ? ಮಂಡಿನೋವು ಇಳಿಯಿತೇ? ನನ್ನ ಮೊಮ್ಮಗಳು ಜೋಸಿಯ ಮಣ್ಣಿಗೆ ಅಷ್ಟು ದೂರದಿಂದ ಬಂದವಳು ನೀನು. ನಿನಗೆ ಎರಡು ಸಾಲು ಬರೆಯಲೂ ನನಗೆ ಇಷ್ಟು ದಿನ ಬೇಕಾಯಿತು. ಬೈದುಕೋ. ನೀನು ಬೀನ್ಸ್ ತಂದಿದ್ದ ಪಾತ್ರೆ ಇನ್ನೂ ನಮ್ಮಲ್ಲೇ ಇದೆ.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ. ಬಾಣಂತಿಯರಿಗೂ ಮಕ್ಕಳಿಗೂ ಸರ್ಕಾರದ ಹಾಲು, ಮೊಟ್ಟೆ ಕೊಡಿಸುವ ನಮ್ಮ ಕಚೇರಿಗೆ ಯೂನಿವರ್ಸಿಟಿಯಿಂದ ಗ್ರೆಟಾ ಅಂತ ಒಬ್ಬಳು ಬಂದಿದ್ದಾಳೆ. ತಾಯಂದಿರು ಇದನ್ನು ನಡುವೆಯೇ ಯಾಕೆ ಬಿಟ್ಟುಬಿಡುತ್ತಾರೆ ಅನ್ನುವುದು ಅವಳ ಅಧ್ಯಯನ. ಹಳೆಯ ದಾಖಲೆಗಳನ್ನೆಲ್ಲ ಉಣಿಸಿ ಕಂಪ್ಯೂಟರಿಗೆ ಕಲಿಸಿದ್ದಾಳೆ. ಮುಂದೆ ಯಾರು ಬಿಡಬಹುದು ಅಂತ ಅದು ಸೋಮವಾರ ಸೋಮವಾರ ಹೇಳುತ್ತದೆ, ನಾನು ಅವರಿಗೆ ಫೋನ್ ಮಾಡಬೇಕು. ಮೊದಲು ನಕ್ಕಿದ್ದೆ. ಆದರೆ ಹಾಳಾದ್ದು, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಫೋನ್ ಮಾಡಿ ಕೇಳಿದರೆ ಗಾಡಿ ಕೆಟ್ಟಿರುತ್ತದೆ, ಇಲ್ಲ ಹಾಲು ಕೊಡುವ ಅಂಗಡಿಯ ಸಾಲಿನಲ್ಲಿ ಯಾರೋ ಮುಖ ಸಿಂಡರಿಸಿರುತ್ತಾರೆ. ಮಗುವಿಗೆ ವರ್ಷ ತುಂಬುವಾಗಲೇ ಹೆಚ್ಚು ಜನ ಬಿಡುವುದಂತೆ.

ಈಗ ಅದು ನನ್ನ ಮಗಳು ಟೆಸ್ಸಳ ಹೆಸರು ಹೇಳುತ್ತಿದೆ. ಅವಳ ಮಗು ಜೋಸಿ ಹೋದದ್ದನ್ನು ಯಾರೂ ಅದಕ್ಕೆ ತಿಳಿಸಿಲ್ಲ. ತಿಳಿಸಬೇಕಾದವಳು ನಾನೇ, ಹೆಸರು ಸೇರಿಸುವ, ತೆಗೆಯುವ ಮೇಜು ನನ್ನದು. ನಾಳೆ ನಾಳೆ ಅಂತ ತಳ್ಳಿದೆ. ಅದು ಸುಮ್ಮನಿರಬೇಕಲ್ಲ? ಜೋಸಿಯ ಹಾಲು ಇನ್ನೂ ತೆಗೆದುಕೊಂಡಿಲ್ಲ, ಅವಳನ್ನು ಕರೆದುಕೊಂಡು ಬನ್ನಿ ಅಂತ ಟೆಸ್ಸಳಿಗೆ ಮೇಲಿಂದ ಮೇಲೆ ಮೆಸೇಜು ಕಳಿಸಿತು.

ನಿನ್ನೆ ಟೆಸ್ಸ ಕಚೇರಿಗೇ ಬಂದಳು. ಕೋಟು ಕೂಡ ತೆಗೆಯಲಿಲ್ಲ.

"ಅಮ್ಮ, ಅದನ್ನ ನಿಲ್ಸು. ಫೋನ್ ಕಿಣಿ ಅಂದ್ರೆ ಸಾಕು, ಬಾಟ್ಲಿ ತೊಳೀಬೇಕು ಅಂತ ಎದ್ದುಬಿಡ್ತೀನಿ" ಅಂದಳು.

ಗ್ರೆಟಾ ಕಣ್ಣೊರೆಸಿಕೊಂಡು, ಜೋಸಿಯ ಹೆಸರನ್ನು ತಾನೇ ಅಳಿಸಿಬಿಡುತ್ತೇನೆ ಅಂದಳು. ನನ್ನ ಕೆಲಸಕ್ಕೆ ನೀನು ಕೈಹಾಕಬೇಡ ಅಂತ ಗದರಿದೆ. ಪಾಪ, ಆ ಹುಡುಗಿಯದೇನು ತಪ್ಪು, ಹೇಳು. ಕೆಲಸ ಹೆಚ್ಚಿತ್ತು, ಅದಕ್ಕೇ ತಡವಾಯಿತು, ನಾಳಿದ್ದು ಬೆಳಿಗ್ಗೆ ಖಂಡಿತ ಮಾಡುತ್ತೇನೆ ಅಂತ ಟೆಸ್ಸಳಿಗೆ ಮಾತು ಕೊಟ್ಟೆ.

ನಿನ್ನ ಮನೆಮಂದಿಯನ್ನು ದೇವರು ತಣ್ಣಗಿಟ್ಟಿರಲಿ. ನಿನ್ನ ಮೊಮ್ಮಕ್ಕಳ ಕೆನ್ನೆಗೆ ನನ್ನದೊಂದೊಂದು ಮುತ್ತು.

ನಿನ್ನ,
ವರ್ನಾ

ತಾ.ಕ.: ಕೆಲಸ ಹೆಚ್ಚಿತ್ತು ಅಂತ ಟೆಸ್ಸಳಿಗೆ ಹೇಳಿದ್ದು ಸುಳ್ಳು. ಮಗುವಿಗೆ ವರ್ಷವಾದೊಡನೆ ನಮ್ಮಲ್ಲಿ ಡಬ್ಬದ ಹಾಲುಪುಡಿ ನಿಲ್ಲಿಸಿ ಹಸುವಿನ ಹಾಲು ಕೊಡುತ್ತಾರೆ. ಹೋದ ವಾರ ಜೋಸಿಯ ಹೆಸರಿನ ಮುಂದೆ ತಾನಾಗಿಯೇ 'ಹಸುವಿನ ಹಾಲು' ಅಂತ ಬಂದಿತ್ತು. ಹನ್ನೊಂದನೇ ತಿಂಗಳಿಗೇ ಮಣ್ಣಿಗಿಟ್ಟ ಕೂಸು ಕಣೇ. ಆ ಕಂಪ್ಯೂಟರಿನೊಳಗೆ ಮಾತ್ರ ಅವಳಿಗೆ ವರ್ಷ ತುಂಬಿದೆ. ನಾಳೆ ಬೆಳಿಗ್ಗೆ ಅವಳನ್ನು ಇನ್ನೊಂದು ಸಲ ಕಳಿಸಿಕೊಡಬೇಕು, ಲೊರೀನ್, ಅದೂ ನನ್ನ ಕೈಯಾರೆ.