ಗುರುವಾರದ ಒಂದೇ ಸೀಟು

ಸ್ಫಾಕ್ಸ್, ಡಿಸೆಂಬರ್ 2021

ಗಿಜ್ಲಾನ್ ಮಗಳೇ,

ಈ ಕಾರ್ಡಿಗಿಂತ ಮೊದಲು ನಿನ್ನಮ್ಮನೇ ನಮ್ಮೂರು ಸಫಿಯ ಮನೆ ಮುಟ್ಟಿರುತ್ತಾಳೆ. ಅವಳು ಏನೇ ಹೇಳಲಿ, ನಡೆದದ್ದು ಇದು.

ನನ್ನ ಕಣ್ಣಿನ ಆಪರೇಷನ್‌ಗೆಂದು ಹತ್ತು ದಿನಕ್ಕೆ ಬಂದವರು, ಹೊಸ ವೈರಸ್ ಬಂತೆಂದು ನಮ್ಮ ದೇಶ ವಿಮಾನ ನಿಲ್ಲಿಸಿದ ಮೇಲೆ ಇಲ್ಲೇ ಉಳಿದೆವಲ್ಲ. ಇವತ್ತು ಟಿಕೆಟ್ ಕೌಂಟರಿನ ಹುಡುಗಿ, "ಇದಕ್ಕೆ ಗ್ರೀಕರ ಇಪ್ಪತ್ತನಾಲ್ಕು ಅಕ್ಷರಗಳಲ್ಲಿ ಹದಿನೈದನೆಯದರ ಹೆಸರಿಟ್ಟಿದ್ದಾರಮ್ಮಾ" ಎಂದಳು.

"ಹಾಗಾದ್ರೆ ಇನ್ನೂ ಒಂಬತ್ತು ಬಾಕಿ ಇವೆಯಾ? ಅವೆಲ್ಲ ಮುಗಿಯೋವರೆಗೆ ನನ್ನ ಮಗಳು ಹೆರಿಗೆ ಮುಂದಕ್ಕೆ ಹಾಕ್ಬೇಕಾ? ಎರಡೆರಡು ಸೂಜಿ ಚುಚ್ಚಿಸ್ಕೊಂಡಿದ್ದು ಏನು, ತೋಳಿನ ಅಂದಕ್ಕಾ?" ಎಂದಳು ನಿನ್ನಮ್ಮ. ಇಡೀ ಸಾಲು ನಕ್ಕಿತು.

ಕೊನೆಗೆ ಗುರುವಾರದ ವಿಶೇಷ ವಿಮಾನದಲ್ಲಿ ಒಂದೇ ಸೀಟು ಸಿಕ್ಕಿತು. ನಾನು ಅವಳ ಹೆಸರು ಬರೆಸಿದೆ. "ರೀ, ಒಂದು ಮೊಟ್ಟೆ ಬೇಯಿಸೋಕೂ ಬರದವರನ್ನ ಬಿಟ್ಟು ಹೆಂಗ್ರೀ ಹೋಗಲಿ?" ಎಂದು ಎಲ್ಲರೆದುರು ಕಾಲು ಗಂಟೆ ಬೈದಳು. ಆಮೇಲೆ ಅತ್ತಳು. ಮಾಸ್ಕ್ ಎಷ್ಟು ಒದ್ದೆಯಾಯಿತೆಂದರೆ ಆ ಹುಡುಗಿಯೇ ಹೊಸದೊಂದು ಕೊಟ್ಟಳು. "ಅತ್ತಿಲ್ಲ, ನೆಗಡಿ" ಎನ್ನಲು ಹೊರಟವಳು, ಹಾಗಂದರೆ ವಿಮಾನ ಹತ್ತಿಸುವುದಿಲ್ಲವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳಿಗಾಗುವಷ್ಟಿದೆ. ಊಟ ಈ ಬಾಡಿಗೆ ಮನೆಯ ಒಡತಿಯದು, ಖಾರ ವಿಪರೀತ. ಅಂಚೆ ಕಚೇರಿ ಬಾಗಿಲು ಹಾಕುವ ಹೊತ್ತಾಯಿತು.

ಮಗು ಹುಟ್ಟಿದ ಕೂಡಲೇ ಫೋನ್ ಮಾಡಿಸು. ನಿನ್ನಮ್ಮ ಕಿತ್ತುಕೊಂಡು ಮಾತು ಶುರು ಮಾಡುವ ಮೊದಲು, ಅದರ ಅಳು ನನಗೊಮ್ಮೆ ಕೇಳಿಸಲಿ.

ಅಪ್ಪ