ಸ ಎಲ್ಲಿತ್ತು

೧೧ ಸೆಪ್ಟೆಂಬರ್ ೨೦೦೬, ಬೆಳಿಗ್ಗೆ
ಮತ್ತೆ ನಿದ್ದೆ ಇಲ್ಲ. ಮಾನ್ಯಳಿಗೆ ಹಲ್ಲು ಬರುತ್ತಿದೆ. ವಾಸು ಟ್ರೈನ್ ಹಿಡಿದು ವೆಲಿಂಗ್ಟನ್‌ಗೆ ಹೋದಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ. ಮಿಲೊರಾದ್ ಅಂಕಲ್ ಕಾಯುತ್ತ ಕೂತಿದ್ದರು. ಸ್ಟ್ರೋಕ್ ಆದಾಗಿನಿಂದ ಬಲಗೈ ಮಡಿಲಲ್ಲೇ. ಬೆಲ್‌ಗ್ರೇಡಿನಲ್ಲಿ ಸಂಗೀತ ಕಂಪೋಸಿಷನ್ ಕಲಿಸಿದವರು, ಆರ್ಕೆಸ್ಟ್ರಾಗಳಿಗೆ ಬರೆದವರು... ಅಲ್ಲಿನ ಯುದ್ಧದ ಕಾಲದಲ್ಲಿ ವೆಲಿಂಗ್ಟನ್ ಪಕ್ಕದ ಈ ಲೋವರ್ ಹಟ್‌ಗೆ ಬಂದು ಸ್ಕೂಲ್ ಮಕ್ಕಳಿಗೆ ಪಿಯಾನೋ ಪಾಠ. ಇಲ್ಲಿಗೆ ಬಂದಮೇಲೆ ಏನೂ ಬರೆದಿರಲಿಲ್ಲವಂತೆ. ಈಗ ಇಲ್ಲಿನ ಕಾಯರ್‌ಗೆಂದು, ಸೇರಿ ಹಾಡುವ ಗುಂಪಿಗೆಂದು, ಒಂದು ಕೃತಿ, ನವೆಂಬರಿನಲ್ಲಿ ಹಾಡುವುದಕ್ಕೆ. ಕೊನೆಯ ಒಂಟಿದನಿಯ ಭಾಗ ಮಾತ್ರ ಬಾಕಿ. ಅವರು ಗುನುಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಅವರ ಐದು ಗೆರೆಯ ಸ್ವರಲಿಪಿ ನನಗೆ ಬಾರದು — ಮೈಸೂರಿನಲ್ಲಿ ಕಲಿತ ಸರಿಗಮದಲ್ಲೇ. ಟೇಪ್ ರೆಕಾರ್ಡರ್ ತರಲೇ ಎಂದೆ.
“ಬೇಡ. ಅದಕ್ಕೆ ನನ್ನ ಕೆಮ್ಮೂ ಸಂಗೀತವೇ.”

೧೪ ಸೆಪ್ಟೆಂಬರ್
ಇವತ್ತಿನ ಹಾಳೆಯನ್ನು ಅಲ್ಲೇ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದರು. ಒಂದು ಸ್ವರವೂ ಬಿಟ್ಟಿಲ್ಲ ಎಂದರು. ಮಾನ್ಯ ಹುಟ್ಟಿದಮೇಲೆ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅನ್ನಿಸಿತು. ಸಂಜೆ ವಾಸುಗೆ ಹೇಳಿದೆ.
“ಹಬ್ಬಕ್ಕೆ ಹಾಡೇ ಅಂದ್ರೆ ಗಂಟಲು ಕಟ್ಟಿದೆ ಅಂತೀಯ. ಸರ್ಬಿಯಾದವ್ರಿಗಾದ್ರೆ ಹಾಡ್ತೀಯ.”

೨೫ ಸೆಪ್ಟೆಂಬರ್
ಮುಗಿಯಿತು. ನಾಳೆ ಎಲ್ಲ ಹಾಳೆ ಸೇರಿಸಿ ಕೇಳೋಣ ಎಂದಿದ್ದಾರೆ.

೩ ಅಕ್ಟೋಬರ್
ಮಾರನೆಯ ಬೆಳಿಗ್ಗೆಯೇ ಅಂಕಲ್‌ಗೆ ಇನ್ನೊಂದು ಸ್ಟ್ರೋಕ್. ಆಸ್ಪತ್ರೆಯಲ್ಲಿದ್ದಾರೆ. ಮಾತಿಲ್ಲ. ಗುನುಗುವುದೂ ಇಲ್ಲ.
ಇವತ್ತು ಅಂಕಲ್ ಮನೆಗೆ ಹೆಲೆನ್ ಬಂದಿದ್ದರು — ಅವರ ಹಳೆಯ ಶಿಷ್ಯೆ, ಕಾಯರ್ ನಡೆಸುವವರು. ನಾನು ಹಾಡಿದ್ದನ್ನು ಪಿಯಾನೋದಲ್ಲಿ ಹುಡುಕಿ ಬರೆದುಕೊಂಡರು. ಎರಡನೇ ಹಾಳೆಗೆ ನಿಲ್ಲಿಸಿ ಕೇಳಿದರು: ನಿಮ್ಮ ಈ ಸ, ಪಿಯಾನೋದಲ್ಲಿ ಯಾವ ಕೀ?
ಗೊತ್ತಿಲ್ಲ. ನಮ್ಮಲ್ಲಿ ಸ ಎಂದರೆ ಹಾಡುವವರ ಗಂಟಲು ಎಲ್ಲಿ ನಿಲ್ಲುತ್ತದೋ ಅಲ್ಲಿ. ಅಂಕಲ್ ಆಯಾ ದಿನ ಮೊದಲು ಎತ್ತಿದ ಸ್ವರವೇ ನನಗೆ ಸ. ಅವರ ಸಂಗೀತ ನಡುನಡುವೆ ನೆಲೆಯನ್ನೇ ಬದಲಿಸುತ್ತದಂತೆ. ಒಂದು ಹಾಳೆಯಿಂದ ಇನ್ನೊಂದಕ್ಕೆ ಎಷ್ಟು ಏರಬೇಕು, ಎಷ್ಟು ಇಳಿಯಬೇಕು — ಅದನ್ನೇ ಬರೆದಿಲ್ಲ ನಾನು. ಪಕ್ಕದಲ್ಲೇ ಪಿಯಾನೋ ಇತ್ತು. ಒಂದು ಕೀ ಒತ್ತಿ ನೋಡಿದ್ದರೆ ಸಾಕಿತ್ತು.
ಹೆಲೆನ್ ಬೈಯಲಿಲ್ಲ. ಟೀ ಮಾಡಿ ಕೊಟ್ಟರು.

೭ ಅಕ್ಟೋಬರ್, ಮಧ್ಯಾಹ್ನ
ಆಸ್ಪತ್ರೆಯಿಂದ ಈಗ ಬಂದೆ. ಹೆಲೆನ್ ಸಣ್ಣ ಕೀಬೋರ್ಡ್ ತಂದಿದ್ದರು. ಮೊದಲ ಹಾಳೆಯ ಕೊನೆಯನ್ನು ಅವರು ನುಡಿಸಿದರು, ಎರಡನೆಯದನ್ನು ನಾನು ಎತ್ತಿಕೊಂಡೆ. ಇದೇನಾ ಅಂಕಲ್? ಹೌದೆಂದು ತಲೆಯಾಡಿಸಿದರು. ನನಗೆ ಅಳು ಬಂತು. ಬರೆದುಕೊಳ್ಳುವ ಮೊದಲು ಹೆಲೆನ್ ಸುಮ್ಮನೆ ಒಂದು ಸ್ವರ ಮೇಲಿಂದ ಹಾಡಿಸಿದರು. ಅದಕ್ಕೂ ಹೌದು. ಕೆಳಗಿಂದ — ಹೌದು. ಮಾನ್ಯ ಕಿರುಚಿದಳು. ಅದಕ್ಕೂ ತಲೆಯಾಡಿಸಿದರು, ನಗುತ್ತ.

೮ ಅಕ್ಟೋಬರ್
ಯಾವುದೋ ಒಂದು ಇಟ್ಕೊಳ್ಳಿ, ಕೇಳೋರಿಗೇನು ಗೊತ್ತಾಗುತ್ತೆ ಎನ್ನುತ್ತಾನೆ ವಾಸು. ಪಾತ್ರೆ ತೊಳೆಯುತ್ತಿದ್ದಾಗ ಎರಡನೇ ಹಾಳೆ ತಾನಾಗಿ ಬಾಯಿಗೆ ಬಂತು. ಇಲ್ಲೇ, ಇಲ್ಲೇ ಇತ್ತು ಸ. ಒದ್ದೆ ಕೈಯಲ್ಲೇ ಅಂಕಲ್ ಮನೆಗೆ ಓಡಿದೆ, ಪಿಯಾನೋ ತೆರೆದು ಕೀ ಹುಡುಕಿದೆ. ಸಿಕ್ಕಿತು. ಖಾತ್ರಿಗೆ ಇನ್ನೊಮ್ಮೆ ಹಾಡಿದೆ. ಬೇರೆ ಕೀ ಬಂತು. ಮತ್ತೊಮ್ಮೆ —